ಹಂದಿಕಾಲಿನ ಉಪ್ಸಾರು

ಅಮೆರಿಕದ ಜಾರ್ಜಿಯಾ ರಾಜ್ಯದ ನಮ್ಮೂರಿನ ದಿನಸಿ ಅಂಗಡಿಗಳಲ್ಲಿ, ಮಾಂಸದ ಸಾಲಿನ ತುದಿಗೆ, ಹೊಗೆ ಕುಡಿದು ಕಂದುಗಟ್ಟಿದ ಹಂದಿಕಾಲಿನ ತುಂಡುಗಳು ಅಗ್ಗದ ಬೆಲೆಗೆ ಬಿದ್ದಿರುತ್ತವೆ. ಪಾದಕ್ಕಿಂತ ಮೇಲೆ, ತೊಡೆಗಿಂತ ಕೆಳಗೆ ಬರುವ ಗಂಟು ಅದು. ಇಲ್ಲಿನವರು ಹ್ಯಾಮ್ ಹಾಕ್ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಕಾಲುಗಂಟು. ದಪ್ಪ ಚರ್ಮ, ನರ, ಮೂಳೆ, ನಡುವೆ ಒಂದು ಹಿಡಿ ಮಾಂಸ. ಮಾಂಸಕ್ಕೆಂದು ಕೊಂಡರೆ ನಷ್ಟ. ಅದು ಬೆಂದ ನೀರಿಗೆಂದು ಕೊಳ್ಳಬೇಕು. ಇಷ್ಟು ವರ್ಷ ಬೇಯಿಸಿ ನಾನು ಕಲಿತದ್ದೆಲ್ಲ ಆ ನೀರಿನ ಸುತ್ತಲೇ ಇದೆ.

ನಾನು ಮಂಡ್ಯದವಳು, ನಮ್ಮ ಮನೆಯವರು ಕೊಡಗಿನವರು. ಹಂದಿಮಾಂಸವೆಂದರೆ ಅವರಿಗೆ ಕಡಂಬುಟ್ಟಿನ ಜೊತೆಗಿನ ಪಂದಿಕರಿ. ಹೊಗೆಯೆಂದರೆ ಮಳೆಗಾಲದಲ್ಲಿ ಉಪ್ಪು ಸವರಿ ಒಲೆಯ ಮೇಲೆ ತೂಗಿಬಿಟ್ಟ ಮಾಂಸ. ಇಲ್ಲಿನ ರೀತಿ ಕಲಿಸಿದವರು ಪಕ್ಕದ ಮನೆಯ ಆಫ್ರಿಕನ್ ಅಮೆರಿಕನ್ ಅಜ್ಜಿ. "ಅವಸರ ಇದ್ದ ದಿನ ಇದನ್ನ ಒಲೆಗೆ ಇಡಲೇಬೇಡಮ್ಮ" ಅಂದಿದ್ದರು. ಅವರ ಮಾತಿನಲ್ಲಿ ಅಳತೆಗಳಿರಲಿಲ್ಲ. ಅಳತೆಗಳನ್ನು ನಾನೇ ಕೂಡಿಸಿಕೊಂಡೆ.

ಪೊಟ್ಟಣದ ಚೀಟಿ ಓದುವುದು ಮೊದಲ ಕೆಲಸ. ಹೊಗೆ ಹಾಕಿದ್ದೆಲ್ಲ ಬೆಂದಿರುತ್ತದೆ ಅಂತಿಲ್ಲ. 'ಬೇಯಿಸಿ ತಿನ್ನಿ' ಅಂತ ಬರೆದಿದ್ದರೆ ಅದು ಹಸಿ ಮಾಂಸವೇ. ಬಣ್ಣ ನೋಡಿ ತೀರ್ಮಾನಿಸುವಂತೆಯೂ ಇಲ್ಲ. ಹೊಗೆಗೆ ಮುಂಚೆ ನೆನೆಸುವ ಉಪ್ಪುನೀರಿನಲ್ಲಿ ಸೇರಿಸಿದ ನೈಟ್ರೈಟ್‌ನಿಂದಾಗಿ ಈ ಮಾಂಸ ಎಷ್ಟು ಬೆಂದರೂ ಗುಲಾಬಿ ಬಣ್ಣದಲ್ಲೇ ಇರುತ್ತದೆ.

ಆಮೇಲೆ ಉಪ್ಪು. ಒಂದು ಕಂಪನಿಯದು ಹದವಾಗಿದ್ದರೆ ಇನ್ನೊಂದರದು ಉಪ್ಪಿನಕಾಯಿಯೇ ಸರಿ. ಹಾಗಾಗಿ ಗಂಟುಗಳನ್ನು ತೊಳೆದು, ತಣ್ಣೀರಿನಲ್ಲಿಟ್ಟು ಒಂದು ಕುದಿ ಬರಿಸಿ, ಆ ನೀರಿನ ರುಚಿ ನೋಡುತ್ತೇನೆ. ನಾಲಿಗೆ ಚುರುಗುಟ್ಟಿದರೆ ಚೆಲ್ಲಿ ಹೊಸ ನೀರು. ಮೇಲುಪ್ಪನ್ನು ಮಾತ್ರ ಕೊನೆಯವರೆಗೆ ಮುಟ್ಟುವುದಿಲ್ಲ. ಬಹುತೇಕ ಸಲ ಬೇಕಾಗುವುದೂ ಇಲ್ಲ.

ಗಂಟುಗಳು ಮುಳುಗುವಷ್ಟು ನೀರು, ಎರಡಾಗಿ ಸೀಳಿದ ಈರುಳ್ಳಿ, ನಾಲ್ಕೆಸಳು ಬೆಳ್ಳುಳ್ಳಿ, ಒಂದಿಷ್ಟು ಕಾಳುಮೆಣಸು, ಅಷ್ಟೇ. ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಎರಡೂವರೆ ಮೂರು ಗಂಟೆ ಬೇಯಬೇಕು. ನರ, ಚರ್ಮದೊಳಗಿನ ಕೊಲಾಜೆನ್ ಕರಗಿ ಅಂಟಾಗುವುದು ನಿಧಾನದ ಕೆಲಸ. ಉರಿ ಜೋರು ಮಾಡಿದರೆ ಮಾಂಸ ನಾರಾಗುತ್ತದೆ, ಜಿಡ್ಡು ನೀರಿಗೆ ಕದಡಿ ಸಾರು ಮಬ್ಬಾಗುತ್ತದೆ. ಕುಕ್ಕರಿನಲ್ಲಾದರೆ ಒತ್ತಡ ಬಂದ ಮೇಲೆ ಮುಕ್ಕಾಲು ಗಂಟೆ ಸಾಕು. ನಾನು ವಾರದ ದಿನಗಳಲ್ಲಿ ಕುಕ್ಕರಿನ ಪಕ್ಷ, ಭಾನುವಾರ ಪಾತ್ರೆಯ ಪಕ್ಷ. ಮೂಳೆ ತಾನಾಗಿ ಕಳಚಿ ಬಂದರೆ ಬೆಂದಿತು ಅಂತ ಲೆಕ್ಕ. ಸಾರನ್ನು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆಗೆ ಹೆಪ್ಪುಗಟ್ಟಿರುತ್ತದೆ, ಮೇಲಿನ ಬಿಳಿ ಜಿಡ್ಡನ್ನು ಚಮಚದಲ್ಲಿ ಎತ್ತಿ ತೆಗೆಯಬಹುದು.

ಈ ನೀರಿಗೆ ಇಲ್ಲಿ ಬೀಳುವುದು ಕಾಲರ್ಡ್ ಸೊಪ್ಪು. ಎಲೆಕೋಸಿನ ದಾಯಾದಿ, ಆದರೆ ಗಡ್ಡೆ ಕಟ್ಟುವುದಿಲ್ಲ. ಮಣ್ಣು ಹೋಗುವವರೆಗೆ ತೊಳೆದು, ದಪ್ಪ ದಂಟು ತೆಗೆದು, ಎಲೆಗಳನ್ನು ಸುರುಳಿ ಸುತ್ತಿ ಹೆಚ್ಚಿ ಹಾಕಿದರೆ ಮುಕ್ಕಾಲು ಗಂಟೆಯಲ್ಲಿ ಮೆತ್ತಗಾಗುತ್ತದೆ. ಸೊಪ್ಪು ಬೆಂದು ಉಳಿಯುವ ರಸಕ್ಕೆ ಪಾಟ್‌ಲಿಕ್ಕರ್ ಅಂತ ಹೆಸರು. ಮೊದಲ ಸಲ ಬಾಯಿಗಿಟ್ಟಾಗಲೇ ಗೊತ್ತಾಯಿತು, ಇದು ನಮ್ಮ ಉಪ್ಸಾರಿನ ಹಾದಿಯದೇ. ಕಾಳು ಸೊಪ್ಪು ಬೇಯಿಸಿ ಬಸಿದ ನೀರಿನಲ್ಲೇ ಊಟ ನಡೆಸುವ ಬುದ್ಧಿ. ಮುದ್ದೆಯ ಜಾಗದಲ್ಲಿ ಇವರದು ಮುಸುಕಿನ ಜೋಳದ ರೊಟ್ಟಿ. ಅದನ್ನು ಅದ್ದಬೇಕೋ ಪುಡಿಮಾಡಿ ಕಲಸಬೇಕೋ ಅಂತ 1931ರಲ್ಲಿ ಲೂಸಿಯಾನಾದ ಗವರ್ನರ್ ಹ್ಯೂಯಿ ಲಾಂಗ್‌ಗೂ ಅಟ್ಲಾಂಟಾದ ಪತ್ರಿಕೆಯೊಂದರ ಸಂಪಾದಕರಿಗೂ ಪತ್ರಿಕೆಯಲ್ಲೇ ವಾದ ನಡೆದು, ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕೂಡ ಬಾಯಿ ಹಾಕಿದ್ದರು. ಲಾಂಗ್ ಅದ್ದುವ ಪಕ್ಷ, ನಾನೂ ಅದೇ.

ಜನವರಿ 1ರಂದು ಇಲ್ಲಿ ಅಲಸಂದೆ ಕಾಳು, ಅಕ್ಕಿ, ಕಾಲುಗಂಟು ಸೇರಿಸಿ ಬೇಯಿಸುವ ಹಾಪಿನ್ ಜಾನ್ ಉಂಡರೆ ವರ್ಷವಿಡೀ ಅದೃಷ್ಟವಂತೆ. ಆ ಅಲಸಂದೆ ಆಫ್ರಿಕಾದಿಂದ ಬಂದದ್ದು, ಗುಲಾಮರ ಹಡಗುಗಳ ದಾರಿಯಲ್ಲಿ. ಧಣಿಗಳು ತೊಡೆ ಇಟ್ಟುಕೊಂಡು ಕೊಟ್ಟ ಕಾಲು, ಗೊರಸುಗಳಲ್ಲಿ ಗುಲಾಮರ ಮನೆಯ ಹೆಂಗಸರು ಕಟ್ಟಿದ ಅಡುಗೆ ಇದು. ಇದನ್ನು ಬಡವರ ಊಟ ಅನ್ನುವವರು ಒಂದು ಬಟ್ಟಲು ಕುಡಿದು ಮಾತಾಡಲಿ.

ಈ ಸಾರಿಗೆ ಅಲಸಂದೆ ಹಾಕಿದರೆ ತೊಂದರೆಯಿಲ್ಲ. ರಾಜ್ಮಾ ಹಾಕುವವರಿಗೆ ಮಾತ್ರ ಒಂದು ಎಚ್ಚರಿಕೆ: ನೆನೆಸಿದ ನೀರು ಚೆಲ್ಲಿ, ಮೊದಲು ಹತ್ತು ನಿಮಿಷ ಜೋರಾಗಿ ಕುದಿಸಿ. ಹಸಿ ರಾಜ್ಮಾದಲ್ಲಿರುವ ವಿಷ ಸಣ್ಣ ಕಾವಿನ ಸ್ಲೋ ಕುಕ್ಕರಿನಲ್ಲಿ ಸಾಯುವುದಿಲ್ಲ, ಹೊಟ್ಟೆ ಕೆಡಿಸುತ್ತದೆ.

ಹಸಿ ಗಂಟು ತಂದು ಮನೆಯಲ್ಲೇ ಹೊಗೆ ಹಾಕುವುದು ನಮ್ಮ ಮನೆಯವರ ಖಾತೆ. ಅಲ್ಲಿ ನನ್ನದು ತಕ್ಕಡಿ ಹಿಡಿಯುವ ಕೆಲಸ ಮಾತ್ರ, ಅದನ್ನು ಬಿಟ್ಟುಕೊಡುವುದಿಲ್ಲ. 2 ಕಿಲೋ ಮಾಂಸ, 2 ಲೀಟರ್ ನೀರಿಗೆ 90 ಗ್ರಾಂ ಉಪ್ಪು, 40 ಗ್ರಾಂ ಬೆಲ್ಲ, 10 ಗ್ರಾಂ ಕ್ಯೂರಿಂಗ್ ಉಪ್ಪು. ಈ ಕೊನೆಯದು ಶೇ 6.25ರಷ್ಟು ನೈಟ್ರೈಟ್ ಬೆರೆಸಿದ ಉಪ್ಪು. ಗುರುತಿಗೆಂದು ಗುಲಾಬಿ ಬಣ್ಣ ಹಾಕಿರುತ್ತಾರೆ. ಅಂಗಡಿಯ ಹಿಮಾಲಯದ ಗುಲಾಬಿ ಉಪ್ಪಿಗೂ ಇದಕ್ಕೂ ಸಂಬಂಧವಿಲ್ಲ. ಕ್ಯೂರಿಂಗ್ ಉಪ್ಪು ಕಡಿಮೆಯಾದರೆ ಬಾಟ್ಯುಲಿಸಂ ಅನ್ನುವ ಮಾರಕ ಆಹಾರವಿಷದ ಭಯ, ಹೆಚ್ಚಾದರೆ ನೈಟ್ರೈಟೇ ವಿಷ. ಚಮಚದ ಅಂದಾಜು ಇಲ್ಲಿ ನಡೆಯುವುದಿಲ್ಲ. ಒಂದು ವಾರ ಫ್ರಿಜ್ಜಿನಲ್ಲಿ ನೆನೆಸಿ, ಒರೆಸಿ, ಒಂದು ರಾತ್ರಿ ತೆರೆದಿಟ್ಟು ಮೈ ಆರಿಸಬೇಕು. ಒದ್ದೆ ಮೈಗೆ ಹೊಗೆ ಕೂತರೆ ಕಹಿ. ಹಿಕರಿ ಇಲ್ಲವೇ ಸೇಬಿನ ಕಟ್ಟಿಗೆಯ ಹೊಗೆಯಲ್ಲಿ, 110 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವಿನಲ್ಲಿ, ಮಾಂಸದ ಒಳಗು 68 ಡಿಗ್ರಿ ಮುಟ್ಟುವವರೆಗೆ ಇಡುತ್ತಾರೆ. ಪೈನ್ ಕಟ್ಟಿಗೆಯಲ್ಲಿ ರಾಳ ಇರುತ್ತದೆ, ಬೇಡ.

ಇಲ್ಲಿನವರು ಸೊಪ್ಪಿನ ಮೇಲೆ ಮೆಣಸಿನಕಾಯಿ ನೆನೆದ ವಿನೆಗರ್ ಚಿಮುಕಿಸುತ್ತಾರೆ. ನಾವು ಕೊಡಗಿನಿಂದ ಬಂದ ಕಾಚಂಪುಳಿ ಅನ್ನುವ ಹುಳಿಯನ್ನು ನಾಲ್ಕು ಹನಿ ಬಿಡುತ್ತೇವೆ. ಜಿಡ್ಡನ್ನು ಅದು ವಿನೆಗರಿಗಿಂತ ಚೆನ್ನಾಗಿ ಕಡಿಯುತ್ತದೆ. ಪಕ್ಕದ ಮನೆಯ ಅಜ್ಜಿಯೂ ಈಗ ಒಂದು ಪುಟ್ಟ ಶೀಶೆ ಇಸಿದುಕೊಂಡಿದ್ದಾರೆ.

ರಕ್ತದೊತ್ತಡ ಇರುವವರು ಮೊದಲ ನೀರನ್ನು ಕಡ್ಡಾಯವಾಗಿ ಚೆಲ್ಲಿ, ಅರ್ಧ ಬಟ್ಟಲಿಗೆ ನಿಲ್ಲಿಸಿ. ಎಷ್ಟು ಚೆಲ್ಲಿದರೂ ಇದು ಉಪ್ಪಿನ ಅಡುಗೆಯೇ. ನಮ್ಮ ಮನೆಯಲ್ಲಿ ತಿಂಗಳಿಗೆ ಒಂದೇ ಸಲ.