ಒಂದೇ ಕ್ಯಾಶ್, ನಾಲ್ಕು ಕೋರ್: ಜಾಗ ಯಾರಿಗೆ ಸಿಗಬೇಕು?

ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿದ ನಾವು ಟೆಕ್ನಿಕಲ್ ವಿಷಯವನ್ನು ಕನ್ನಡದಲ್ಲಿ ಬರೀತಿರೋದು ಇದೇ ಮೊದಲು. ತಪ್ಪಿದ್ದರೆ ತಿದ್ದಿ.

ಮಿನಿ ಪ್ರಾಜೆಕ್ಟ್ ಮುಗಿಸೋಕೆ ಒಂದು ವೀಕೆಂಡ್ ನಾವು ನಾಲ್ಕು ಜನ ತ್ಯಾಮಗೊಂಡ್ಲುವಿನಲ್ಲಿರುವ ಗೆಳೆಯನ ಮನೆಗೆ ಹೋಗಿದ್ವಿ. ಇದ್ದಿದ್ದು ಒಂದೇ ಲ್ಯಾಪ್‌ಟಾಪ್, ಅದರಲ್ಲಿ ನಾಲ್ಕು ಕೋರ್. ಅವನು ಬರೆದಿದ್ದು ಪದ ಹುಡುಕುವ ಪ್ರೋಗ್ರಾಂ. ನಮ್ಮದರಲ್ಲಿ ಮುಖ್ಯವಾದದ್ದು ದೊಡ್ಡ ಲಾಗ್ ಫೈಲನ್ನು ಮೊದಲಿಂದ ಕೊನೆವರೆಗೆ ಓದುವ ಪ್ರೋಗ್ರಾಂ. ಅವನದ್ದನ್ನು ಒಂದೇ ಓಡಿಸಿದರೆ ಸರಸರ ಓಡೋದು. ಎಲ್ಲವನ್ನೂ ಒಟ್ಟಿಗೆ ಓಡಿಸಿದರೆ ಅವನದ್ದು ಮಾತ್ರ ತೆವಳೋದು. "ನಿನ್ನ ಕೋಡೇ ಸರಿ ಇಲ್ಲ" ಅಂತ ನಾವು ಮೂವರೂ ಅವನನ್ನು ಬೈದ್ವಿ. ಪಾಪ, ಅವನು ರಾತ್ರಿಯೆಲ್ಲಾ ಕೂತು ಎರಡು ಸಲ ಬರೆದ. ಏನೂ ಬದಲಾಗಲಿಲ್ಲ.

ಬೆಳಗ್ಗೆ ಲಿನಕ್ಸ್‌ನ ಪರ್ಫ್ ಸ್ಟ್ಯಾಟ್ ಕಮಾಂಡ್ ಹಾಕಿ ನೋಡಿದಾಗ ಗೊತ್ತಾಯ್ತು. ಒಂದೇ ಓಡಿದಾಗಲೂ ಒಟ್ಟಿಗೆ ಓಡಿದಾಗಲೂ ಅವನ ಪ್ರೋಗ್ರಾಂ ನಡೆಸಿದ ಇನ್‌ಸ್ಟ್ರಕ್ಷನ್‌ಗಳು ಹೆಚ್ಚುಕಡಿಮೆ ಅಷ್ಟೇ. ಕ್ಯಾಶ್ ಮಿಸ್ ಮಾತ್ರ ಸಿಕ್ಕಾಪಟ್ಟೆ ಏರಿತ್ತು. ನಮ್ಮ ಲಾಗ್ ಪ್ರೋಗ್ರಾಂ ನಿಲ್ಲಿಸಿದ ತಕ್ಷಣ ಮತ್ತೆ ಇಳೀತು. ಅಂದ್ರೆ ತಪ್ಪು ಅವನ ಕೋಡಿನದ್ದಲ್ಲ, ನಾವೇ ಅವನ ಡೇಟಾವನ್ನು ಕ್ಯಾಶ್‌ನಿಂದ ಆಚೆ ತಳ್ಳುತ್ತಿದ್ವಿ.

ಕ್ಯಾಶ್ ಅಂದ್ರೆ ಅಂಗಡಿಯ ಮುಂದಿನ ಶೆಲ್ಫ್

ಆ ಗೆಳೆಯನ ಮನೆಯವರದ್ದು ದಿನಸಿ ಅಂಗಡಿ. ದಿನಾ ಹೋಗುವ ಸಕ್ಕರೆ, ಬೇಳೆ, ಸೋಪು ಗಲ್ಲಾದ ಪಕ್ಕದ ಶೆಲ್ಫ್‌ನಲ್ಲಿ. ಉಳಿದಿದ್ದು ಹಿಂದಿನ ಗೋಡೌನ್‌ನಲ್ಲಿ. ಅಲ್ಲೂ ಇಲ್ಲದಿದ್ದರೆ ನೆಲಮಂಗಲಕ್ಕೆ ಹೋಗಿ ತರಬೇಕು. ಶೆಲ್ಫ್ ಅಂದ್ರೆ ಕ್ಯಾಶ್, ಗೋಡೌನ್ ಅಂದ್ರೆ ರ‍್ಯಾಮ್, ನೆಲಮಂಗಲ ಅಂದ್ರೆ ಡಿಸ್ಕ್.

ಸಾಮಾನ್ಯವಾಗಿ ಪ್ರತಿ ಕೋರ್‌ಗೂ ತನ್ನದೇ ಎಲ್1, ಎಲ್2 ಕ್ಯಾಶ್ ಇರುತ್ತೆ. ಎಲ್3 ಮಾತ್ರ ಎಲ್ಲರಿಗೂ ಸೇರಿ ಒಂದೇ. ಎಲ್1ನಿಂದ ಡೇಟಾ ಬರೋಕೆ ಸುಮಾರು 4-5 ಸೈಕಲ್, ಎಲ್3ನಿಂದ ಹತ್ತಾರು ಸೈಕಲ್, ರ‍್ಯಾಮ್‌ನಿಂದ ನೂರಾರು ಸೈಕಲ್ ಬೇಕು. ಡೇಟಾ ಬರೋದು ಬೈಟ್ ಲೆಕ್ಕದಲ್ಲಲ್ಲ, ಲೈನ್ ಲೆಕ್ಕದಲ್ಲಿ. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಒಂದು ಲೈನ್ ಅಂದ್ರೆ ಸಾಮಾನ್ಯವಾಗಿ 64 ಬೈಟ್.

ತೊಂದರೆ ಎಲ್ಲಿ?

ಕ್ಯಾಶ್ ತುಂಬಿದಾಗ ಹೊಸ ಲೈನ್‌ಗಾಗಿ ಹಳೆಯದೊಂದನ್ನು ತೆಗೀಬೇಕು. ಕ್ಲಾಸಲ್ಲಿ ಕಲಿಯೋ ನಿಯಮ ಎಲ್‌ಆರ್‌ಯು: ಯಾವುದನ್ನು ಮುಟ್ಟಿ ತುಂಬಾ ಹೊತ್ತಾಯ್ತೋ ಅದನ್ನು ತೆಗಿ. ಈಗಿನ ಚಿಪ್‌ಗಳ ನಿಯಮ ಇನ್ನೂ ಚುರುಕಾಗಿರುತ್ತೆ, ಆದ್ರೆ ತೊಂದರೆ ಅರ್ಥ ಆಗೋಕೆ ಇದು ಸಾಕು.

ಪೇಪರ್ ತಗೊಂಡು ಮಾಡಿ ನೋಡಿ. ಕ್ಯಾಶ್‌ನಲ್ಲಿ 4 ಜಾಗ. ಪದ ಹುಡುಕುವ ಪ್ರೋಗ್ರಾಂ ಅ, ಆ, ಇ ಅನ್ನೋ ಮೂರು ಲೈನ್‌ಗಳನ್ನೇ ಮತ್ತೆ ಮತ್ತೆ ಕೇಳುತ್ತೆ. ಲಾಗ್ ಪ್ರೋಗ್ರಾಂ 1, 2, 3 ಅಂತ ಮುಂದೆ ಹೋಗುತ್ತಲೇ ಇರುತ್ತೆ, ಹಿಂದೆ ತಿರುಗಿ ನೋಡಲ್ಲ. ಒಟ್ಟಿಗೆ ಓಡಿದರೆ ಬೇಡಿಕೆ ಹೀಗೆ: ಅ, 1, ಆ, 2, ಇ, 3, ಅ, 4, ಆ, 5, ಇ, 6. ಮೊದಲ ನಾಲ್ಕಕ್ಕೆ ಕ್ಯಾಶ್ ತುಂಬಿತು. "ಇ" ಬಂದಾಗ "ಅ" ಹೊರಗೆ. ಮತ್ತೆ "ಅ" ಬೇಕಾದಾಗ ಅದು ಇಲ್ಲ! 12ಕ್ಕೆ 12 ಮಿಸ್.

ಈಗ 3 ಜಾಗ ಮೊದಲನೆಯದಕ್ಕೆ, 1 ಜಾಗ ಲಾಗ್‌ಗೆ ಅಂತ ಬೇಲಿ ಹಾಕಿ. ಮೊದಲ ಸುತ್ತಿನ 3 ಮಿಸ್ ಬಿಟ್ಟರೆ ಅ, ಆ, ಇ ಯಾವಾಗಲೂ ಹಿಟ್. ಲಾಗ್ ಪ್ರೋಗ್ರಾಂಗೆ ನಷ್ಟ? ಏನೂ ಇಲ್ಲ, ಅದಕ್ಕೆ ಮೊದಲೂ ಎಲ್ಲ ಮಿಸ್ಸೇ. ಸಮಪಾಲು ಅಂತ 2-2 ಕೊಟ್ಟಿದ್ದರೆ? ಮೂರು ಲೈನ್ ಎರಡು ಜಾಗದಲ್ಲಿ ಸುತ್ತಿ ಮತ್ತೆ ಎಲ್ಲ ಮಿಸ್.

ಎಲ್‌ಆರ್‌ಯು ಯಾರು ಜಾಸ್ತಿ ಹೊಸದನ್ನು ಕೇಳ್ತಾರೋ ಅವರಿಗೆ ಜಾಗ ಕೊಡುತ್ತೆ. ಕೊಡಬೇಕಾದ್ದು ಜಾಗದಿಂದ ಯಾರಿಗೆ ಉಪಯೋಗವೋ ಅವರಿಗೆ. ಸೇಲ್ಸ್‌ನವರು ತಂದ ಹೊಸ ಪ್ಯಾಕೆಟ್‌ಗಳನ್ನೆಲ್ಲಾ ಮುಂದೆ ಜೋಡಿಸಿ ಸಕ್ಕರೆಯನ್ನು ಗೋಡೌನ್‌ಗೆ ಹಾಕಿದರೆ ದಿನವಿಡೀ ಓಡಾಟವೇ ಗತಿ.

ಪರಿಹಾರಗಳು

2006ರಲ್ಲಿ ಮೊಯಿನುದ್ದೀನ್ ಖುರೇಷಿ ಮತ್ತು ಯೇಲ್ ಪ್ಯಾಟ್ ಇದೇ ಉಪಯೋಗದ ಲೆಕ್ಕವನ್ನು ಹಾರ್ಡ್‌ವೇರ್‌ಗೆ ತಂದರು. ಪ್ರತಿ ಕೋರ್‌ಗೂ ಒಂದು ಚಿಕ್ಕ ಮಾನಿಟರ್. ಇನ್ನೊಂದು ವೇ ಕೊಟ್ಟರೆ ಇವನಿಗೆ ಎಷ್ಟು ಹಿಟ್ ಹೆಚ್ಚಾಗುತ್ತೆ ಅಂತ ಅದು ಅಂದಾಜು ಮಾಡುತ್ತೆ. ಕ್ಯಾಶ್‌ನ ವೇಗಳನ್ನು ಅದರ ಪ್ರಕಾರ ಹಂಚುತ್ತಾರೆ. ಆದ್ರೆ ವೇಗಳು 16 ಇದ್ದು ಕೋರ್‌ಗಳೂ 16 ಆದ್ರೆ? ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರೆ ಮುಗೀತು, ಮಧ್ಯದ ಲೆಕ್ಕಕ್ಕೆ ಅವಕಾಶವೇ ಇಲ್ಲ.

ಇದಕ್ಕೊಂದು ಉತ್ತರ ನಮ್ಮ ಹತ್ತಿರದಲ್ಲೇ ಹುಟ್ಟಿದೆ. ನೆಲಮಂಗಲದಿಂದ ತುಮಕೂರು ರಸ್ತೆ ಹಿಡಿದು ಯಶವಂತಪುರ ದಾಟಿದರೆ ಸಿಗುವ ಐಐಎಸ್‌ಸಿಯ ಸಂಶೋಧನೆ ಅದು. ಆರ್. ಮಣಿಕಂಠನ್, ಕೌಶಿಕ್ ರಾಜನ್, ಆರ್. ಗೋವಿಂದರಾಜನ್ 2012ರ ಇಸ್ಕಾ ಸಮ್ಮೇಳನದಲ್ಲಿ ಮಂಡಿಸಿದ "ಪ್ರಿಸಂ". ಇದರಲ್ಲಿ ಬೇಲಿಯೇ ಇಲ್ಲ. ಲೈನ್ ತೆಗೆಯಬೇಕಾದಾಗ ಯಾವ ಕೋರ್‌ನದ್ದು ತೆಗೀಬೇಕು ಅನ್ನೋದನ್ನು ಸಂಭವನೀಯತೆಯಿಂದ ಆರಿಸ್ತಾರೆ.

ಲೆಕ್ಕ ಸುಲಭ. ಕ್ಯಾಶ್‌ನಲ್ಲಿ 1000 ಲೈನ್, ಇಬ್ಬರ ಹತ್ತಿರ 500-500 ಇದೆ. ಮುಂದಿನ 1000 ಮಿಸ್‌ಗಳೊಳಗೆ ಮೊದಲನೆಯವನಿಗೆ 600 ಆಗಬೇಕು. ಆ ಮಿಸ್‌ಗಳಲ್ಲಿ 400 ಅವನದ್ದು ಅಂದ್ರೆ 400 ಲೈನ್ ಒಳಗೆ ಬರುತ್ತೆ. ನಿವ್ವಳ 100 ಹೆಚ್ಚಾಗಬೇಕಾದ್ರೆ 300 ಹೊರಗೆ ಹೋಗಬೇಕು. ಹಾಗಾಗಿ ಅವನ ಲೈನ್ ತೆಗೆಯುವ ಸಂಭವನೀಯತೆ 0.3, ಎರಡನೆಯವನದ್ದು 0.7. ಅವನಿಗೆ 600 ಬಂದು 700 ಹೋಗಿ 400 ಉಳಿಯುತ್ತೆ. ಪಿಯುಸಿ ಪ್ರಾಬಬಿಲಿಟಿ ಇಲ್ಲಿ ಕೆಲಸಕ್ಕೆ ಬಂತು!

ಗುರಿ ಏನಿರಬೇಕು ಅನ್ನೋದನ್ನೂ ಆರಿಸಬಹುದು: ಒಟ್ಟು ಹಿಟ್ ಹೆಚ್ಚಿಸೋದು, ಎಲ್ಲರಿಗೂ ನ್ಯಾಯ ಸಿಗೋದು, ಅಥವಾ ಒಬ್ಬರಿಗೆ ಇಷ್ಟು ವೇಗ ಖಾತ್ರಿ ಅನ್ನೋದು.

ಮಾರುಕಟ್ಟೆಯಲ್ಲಿ ಸಿಗೋದು ವೇ ಹಂಚುವ ವಿಧಾನ. ಇಂಟೆಲ್‌ನ ಕ್ಸಿಯಾನ್ ಸರ್ವರ್ ಚಿಪ್‌ಗಳಲ್ಲಿ ಇದನ್ನು ಕ್ಯಾಶ್ ಅಲೊಕೇಶನ್ ಟೆಕ್ನಾಲಜಿ ಅಂತಾರೆ. 2017ರಲ್ಲಿ ಬಂದ ಲಿನಕ್ಸ್ 4.10ರಿಂದ ರೆಸ್‌ಕಂಟ್ರೋಲ್ ಮೂಲಕ ನಾವೇ ಹಂಚಬಹುದು.

ನಾವು ಮಾಡಿದ್ದು

ನಮ್ಮ ಲ್ಯಾಪ್‌ಟಾಪ್‌ನಲ್ಲಿ ಆ ಸೌಲಭ್ಯ ಇರಲಿಲ್ಲ. ಲಾಗ್ ಓದೋದನ್ನು ಮೊದಲು ಮುಗಿಸಿ, ಆಮೇಲೆ ಪದ ಹುಡುಕುವ ಹಾಗೆ ಕ್ರಮ ಬದಲಿಸಿದ್ವಿ. ಅಷ್ಟೇ ಸಾಕಾಯ್ತು. ಕ್ಯಾಶ್ ಒಂದೇ ಕಾರಣ ಅಂತಲೂ ಅಲ್ಲ, ರ‍್ಯಾಮ್‌ಗೆ ಹೋಗುವ ದಾರಿಯೂ ಎಲ್ಲರಿಗೂ ಒಂದೇ ಆಗಿರೋದ್ರಿಂದ ಸ್ವಲ್ಪ ನಿಧಾನ ಅಲ್ಲಿಂದಲೂ ಬಂದಿರುತ್ತೆ.

ನೀವೂ ಪ್ರಾಜೆಕ್ಟ್ ಮಾಡುವಾಗ ಎಲ್‌ಎಸ್‌ಸಿಪಿಯು ಕಮಾಂಡ್ ಹಾಕಿ ನಿಮ್ಮ ಎಲ್3 ಎಷ್ಟು ದೊಡ್ಡದು ನೋಡಿ. ಪ್ರೋಗ್ರಾಂ ನಿಧಾನ ಆದ್ರೆ ಒಂಟಿಯಾಗಿ ಒಂದು ಸಲ, ಜೊತೆಯಲ್ಲಿ ಒಂದು ಸಲ ಓಡಿಸಿ ಅಳೆಯಿರಿ. ಅದಕ್ಕೆ ಮುಂಚೆ ಯಾರನ್ನೂ ಬೈಬೇಡಿ. ನಾವಂತೂ ನಮ್ಮ ಗೆಳೆಯನಿಗೆ ಸಾರಿ ಕೇಳಿದ್ವಿ. ಅವನು ನಗುತ್ತಾ, "ಮೊದ್ಲು ನನ್ನ ನಿದ್ದೆ ವಾಪಸ್ ಕೊಡ್ರೋ" ಅಂದ.