ಎಂಜಿಬಿಗೆ ಯಾವ ಜಾಕ್ ಸರಿ?

ಪ್ರಶ್ನೆ: ನನ್ನದು 1972ರ ಎಂಜಿಬಿ ರೋಡ್‌ಸ್ಟರ್. ಕಾರಿನ ಜೊತೆ ಬಂದಿದ್ದ ಜಾಕಿನ ಮರೆ ಸವೆದಿದೆ. ಅದೇ ಮಾದರಿಯ ಹಳೇ ಜಾಕ್ ಹುಡುಕಲೇ, ಬೇರೆ ಬಗೆಯದು ಕೊಳ್ಳಲೇ?
– ಓದುಗರೊಬ್ಬರು, ಬರ್ಮಿಂಗ್‌ಹ್ಯಾಮ್

ಉತ್ತರ: ಜಾಕಿಗಿಂತ ಮೊದಲು ಕಾರಿನ ಸಿಲ್ ನೋಡಿ. ನಿಮ್ಮ ಹಳೇ ಜಾಕಿನ ತೋಳು ಬಾಗಿಲ ಕೆಳಗಿನ ಸಿಲ್‌ನಲ್ಲಿರುವ ಕೊಳವೆಗೆ ಸೇರುತ್ತದೆ. ಹಿಡಿ ತಿರುಗಿಸಿದರೆ ಆ ಪಕ್ಕದ ಎರಡೂ ಚಕ್ರಗಳು ಒಟ್ಟಿಗೆ ಏಳುತ್ತವೆ. ಹತ್ತಿರಹತ್ತಿರ ಒಂದು ಟನ್ ತೂಗುವ ಕಾರಿನ ಅರ್ಧ ಭಾರವೆಲ್ಲ ಆ ಒಂದೇ ಜಾಗದ ಮೇಲೆ! ಇದಕ್ಕೂ ಹಿಂದಿನ ಮಾದರಿಯಾದ ಎಂಜಿಎಗೆ ಪ್ರತ್ಯೇಕ ಚಾಸಿ ಇತ್ತು; 1962ರಲ್ಲಿ ಬಂದ ಎಂಜಿಬಿಗೆ ಇಲ್ಲ. ಚಾವಣಿಯೂ ಇಲ್ಲದ ರೋಡ್‌ಸ್ಟರ್ ನಡು ಬಾಗದಂತೆ ಹಿಡಿದಿಡುವುದು ಮುಖ್ಯವಾಗಿ ಈ ಸಿಲ್‌ಗಳೇ. ಅವು ತುಕ್ಕು ಹಿಡಿಯುವುದು ಒಳಗಿನಿಂದ. ಹೊರಗೆ ಬಣ್ಣ ಮಿನುಗುತ್ತಿದ್ದರೂ ನಂಬಬೇಡಿ. ಕಾರು ಎತ್ತುವಾಗ ಬಾಗಿಲ ಹಿಂಬದಿಯ ಸಂದಿನ ಮೇಲೆ ಕಣ್ಣಿಡಿ. ಸಂದು ಕಿರಿದಾಗುತ್ತಿದ್ದರೆ ತಕ್ಷಣ ಇಳಿಸಿ, ಬೆಸುಗೆಯವರಿಗೆ ತೋರಿಸಿ.

ಸಿಲ್ ಗಟ್ಟಿಯಾಗಿದ್ದರೂ ಆ ಹಳೇ ಮಾದರಿಯನ್ನು ಬಳಕೆಗೆಂದು ಕೊಳ್ಳಬೇಡಿ ಎಂದೇ ಹೇಳುತ್ತೇನೆ. ಪ್ರದರ್ಶನಕ್ಕೆ ಬೂಟಿನಲ್ಲಿ ಮೂಲ ಸಾಮಾನೇ ಇರಬೇಕೆಂದಿದ್ದರೆ ಮಾತು ಬೇರೆ. ದಾರಿಯಲ್ಲಿ ಪಂಕ್ಚರ್ ಆದರೆ ಚಿಕ್ಕ ಕತ್ತರಿ ಜಾಕ್ ಸಾಕು. ಹಿಂದಿನ ಚಕ್ರಕ್ಕೆ ಆಕ್ಸಲ್ಲೂ ಪಟ್ಟಿ ಸ್ಪ್ರಿಂಗೂ ಕೂಡುವ ಜಾಗದಡಿ, ಮುಂದಿನದಕ್ಕೆ ಸ್ಪ್ರಿಂಗ್ ಕೂತಿರುವ ತಟ್ಟೆಯಡಿ ಕೊಡಿ. ಸಿಲ್‌ನಿಂದ ಎತ್ತಿದರೆ ಸಸ್ಪೆನ್ಷನ್ ಪೂರ್ತಿ ಇಳಿಬೀಳುವವರೆಗೂ ಚಕ್ರ ನೆಲ ಬಿಡುವುದಿಲ್ಲ. ಇಲ್ಲಿ ಜಾಕ್ ಏರಿದಷ್ಟೂ ಚಕ್ರ ಏರುತ್ತದೆ.

ಅಂಗಡಿಯವರು ಎರಡು ಟನ್, ಮೂರು ಟನ್ ಎಂದು ಹೇಳುತ್ತಾರೆ. ನೀವು ಕೇಳಬೇಕಾದ್ದು ಪೂರ್ತಿ ಮಡಚಿದಾಗ ಜಾಕಿನ ಎತ್ತರ ಎಷ್ಟು ಎಂದು. ಗಾಳಿ ಇಳಿದ ಮೇಲೆ ಅದು ಕೆಳಗೆ ತೂರದಿದ್ದರೆ ಎಷ್ಟು ಟನ್ ಇದ್ದೂ ಪ್ರಯೋಜನವಿಲ್ಲ. ಮನೆಯಲ್ಲೇ ಒಂದು ಟೈರಿನ ಗಾಳಿ ಬಿಟ್ಟು ಅಳೆದುಕೊಂಡು ಹೋಗಿ. ಗಾಳಿ ತುಂಬಿದ ಸ್ಟೆಪ್ನಿ ಹಾಕಲು ಇನ್ನೂ ಒಂದಿಷ್ಟು ಎತ್ತರ ಬೇಕೆಂಬುದು ನೆನಪಿರಲಿ. ಮನೆಯ ಕೆಲಸಕ್ಕೆ ತಗ್ಗಾದ ಟ್ರಾಲಿ ಜಾಕ್ ತನ್ನಿ, ಜೊತೆಗೆ ಒಂದು ಜೊತೆ ಸ್ಟ್ಯಾಂಡ್. ಬರೀ ಜಾಕಿನ ಮೇಲೆ ನಿಂತ ಕಾರಿನಡಿ ಯಾವ ಕಾರಣಕ್ಕೂ ನುಸುಳಬೇಡಿ.

ಪ್ರಶ್ನೆ: ಗೇರಿನಲ್ಲಿಟ್ಟಿದ್ದರೂ ಹಿಂದಿನ ಚಕ್ರ ಎತ್ತಿದೊಡನೆ ನನ್ನ ಎಂಜಿಬಿ ಸರಿದು ಜಾಕ್ ವಾಲಿತು. ಏಕೆ?
– ಇನ್ನೊಬ್ಬ ಓದುಗರು, ಮಿಲ್ಟನ್ ಕೀನ್ಸ್

ಉತ್ತರ: ಡಿಫರೆನ್ಷಿಯಲ್‌ನಿಂದ. ಒಂದು ಹಿಂದಿನ ಚಕ್ರ ಗಾಳಿಯಲ್ಲಿದ್ದರೆ ಅದು ಒಂದು ಕಡೆ ತಿರುಗುತ್ತದೆ, ನೆಲದ ಮೇಲಿರುವುದು ಇನ್ನೊಂದು ಕಡೆ ಉರುಳುತ್ತದೆ. ಗೇರಿಗೆ ಹಿಡಿತವೇ ಇರುವುದಿಲ್ಲ. ಹ್ಯಾಂಡ್‌ಬ್ರೇಕ್ ಬಿಗಿದು, ಮುಂದಿನ ಚಕ್ರಗಳ ಎರಡೂ ಬದಿ ಮರದ ತುಂಡು ಕೊಡಿ. ಚಕ್ರದ ನಟ್ಟುಗಳನ್ನೂ ಕಾರು ನೆಲದ ಮೇಲಿರುವಾಗಲೇ ಸಡಿಲಿಸಿಕೊಳ್ಳಿ.