ಮೂಗಿಗಿಂತ ಭಾರವಾದ ಮೂಗುತಿ

ಇಪ್ಪತ್ತೊಂದು ಅಡಿಯ ಹಳೆಯ ಮೋಟಾರು ದೋಣಿಯೊಂದನ್ನು 24,000 ಡಾಲರಿಗೆ ಕೊಂಡು, ಅದನ್ನು ಎಳೆಯುವುದಕ್ಕೆಂದು ತೆರಿಗೆಯೂ ಸೇರಿ 48,760 ಡಾಲರಿನ ಪಿಕಪ್ ಟ್ರಕ್ಕೊಂದನ್ನು ಮನೆಯ ಮುಂದೆ ತಂದು ನಿಲ್ಲಿಸಿದ ಮೇಲೆ, ಮಿಷಿಗನ್ನಿನ ನಮ್ಮ ಕನ್ನಡ ಬಳಗದಲ್ಲಿ ನನ್ನ ವಿವೇಕವನ್ನು ಕುರಿತ ಚರ್ಚೆಗೆ ಕೊನೆಯೇ ಇಲ್ಲದಂತಾಗಿದೆ. ಮೂಗಿಗಿಂತ ಮೂಗುತಿ ಭಾರವಾಯಿತೆಂದು ಹಿರಿಯರೊಬ್ಬರು ನಕ್ಕರು. ಮಾತು ಸುಳ್ಳಲ್ಲ. ಆದರೆ ಈ ಭಾರವನ್ನು ನಾನು ತಿಳಿದೇ ಹೊತ್ತೆನೆಂಬುದನ್ನೂ, ಅಗ್ಗವೆಂದು ಕಾಣುತ್ತಿದ್ದ ವಾಹನಗಳು ಏಕೆ ಸಲ್ಲಲಿಲ್ಲವೆಂಬುದನ್ನೂ ಲೆಕ್ಕಸಹಿತ ನಿವೇದಿಸುವುದು ಉಚಿತವೆಂದು ತೋರುತ್ತದೆ.

ಟ್ರಕ್ಕು ಮಾರುವವರು ಗಿರಾಕಿಯ ಮುಂದೆ ದಪ್ಪಕ್ಷರದಲ್ಲಿ ಹಿಡಿಯುವ ಅಂಕಿಗಳು ಎರಡು: ವಾಹನ ಎಷ್ಟು ಭಾರವನ್ನು ಎಳೆಯಬಲ್ಲದೆಂಬ ಟೋ ರೇಟಿಂಗ್ ಒಂದು, ತಿಂಗಳ ಕಂತು ಇನ್ನೊಂದು. ಎರಡೂ ಸತ್ಯವೇ, ಎರಡೂ ಅಪೂರ್ಣವೇ. ಟೋ ರೇಟಿಂಗನ್ನು ನಿರ್ಧರಿಸುವ ಎಸ್‌ಎಇ ಜೆ2807 ಮಾನದಂಡದ ಪ್ರಕಾರ ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ 11.4 ಮೈಲಿ ಉದ್ದದ ಏರನ್ನು ಹತ್ತಿ ತೋರಿಸಿದ ವಾಹನಕ್ಕೆ ಆ ಕೀರ್ತಿ ಸಲ್ಲತಕ್ಕದ್ದೇ. ಆದರೆ ಆ ಲೆಕ್ಕದಲ್ಲಿ ಒಳಗೆ ಕುಳಿತವರು ತಲಾ 150 ಪೌಂಡಿನ ಇಬ್ಬರು ಮಾತ್ರ. ಸಂಸಾರಸ್ಥನು ನೋಡಬೇಕಾದ ಅಂಕಿ ಬೇರೆಲ್ಲೋ ಇದೆ. ಚಾಲಕನ ಬಾಗಿಲನ್ನು ತೆರೆದರೆ ಕಂಬದ ಮೇಲೆ, ಟೈರಿನ ಗಾಳಿಯ ವಿವರದ ಜೊತೆಗೆ, ಜನರೂ ಸರಕೂ ಸೇರಿ ಇಷ್ಟನ್ನು ಮೀರಕೂಡದೆಂದು ಕಿಲೋಗ್ರಾಮಿನಲ್ಲಿಯೂ ಪೌಂಡಿನಲ್ಲಿಯೂ ಅಚ್ಚು ಹಾಕಿದ ಅಂಗೈಯಗಲದ ಚೀಟಿಯೊಂದು ಅಂಟಿಕೊಂಡಿರುತ್ತದೆ. ನಾನು ಕಂಡ ಮಾರಾಟಗಾರರಲ್ಲಿ ಆ ಚೀಟಿಯತ್ತ ತಾನಾಗಿ ಬೆರಳು ತೋರಿದವನು ಒಬ್ಬನೂ ಇಲ್ಲ.

ಈಗ ನನ್ನ ಲೆಕ್ಕ. ದೋಣಿಯ ಒಣ ತೂಕ 3,700 ಪೌಂಡು. ಟ್ಯಾಂಕಿನಲ್ಲಿ 50 ಗ್ಯಾಲನ್ ಪೆಟ್ರೋಲು, ಗ್ಯಾಲನ್ನಿಗೆ ಸುಮಾರು ಆರು ಪೌಂಡಿನಂತೆ 300. ಲಂಗರು, ಹಗ್ಗ, ಬ್ಯಾಟರಿ, ಲೈಫ್ ಜಾಕೆಟ್ಟುಗಳು 250. ಟ್ರೇಲರ್ 1,050. ಒಟ್ಟು 5,300. ಇದರ ಹತ್ತನೆಯ ಒಂದು ಪಾಲು, ಅಂದರೆ 530 ಪೌಂಡು, ಟ್ರೇಲರನ್ನು ಸೇರಿಸುವ ಹಿಚ್ಚಿನ ಮೇಲೆ ಕುಳಿತು ಟ್ರಕ್ಕಿನ ಬೆನ್ನನ್ನೇ ಒತ್ತುತ್ತದೆ. ಎಳೆಯುವ ಭಾರದಲ್ಲಿ ಇಷ್ಟು ಭಾಗವನ್ನು ಹೊರಲೂ ಬೇಕು. ನಾವು ದಂಪತಿಗಳು, ಇಬ್ಬರು ಮಕ್ಕಳು, ಬೇಸಗೆಯಲ್ಲಿ ಶಿವಮೊಗ್ಗದಿಂದ ಬರುವ ಅತ್ತೆಯವರು — ಅವರ ತೂಕವನ್ನು ಕೇಳುವ ಧೈರ್ಯವಿಲ್ಲದೆ ಅಂದಾಜಿನಿಂದ ಸೇರಿಸಿದ್ದೇನೆ — ಎಲ್ಲರೂ ಕೂಡಿ 750. ಹಿಚ್ಚಿನ ಕಬ್ಬಿಣ, ಹಿಂಬದಿಯ ಮುಚ್ಚಳ, ಐಸ್ ಪೆಟ್ಟಿಗೆ, ಬುತ್ತಿ 170. ಹೊರಬೇಕಾದ ಭಾರ 1,450 ಪೌಂಡು.

ಈ ಒಂದು ಸಂಖ್ಯೆಯನ್ನು ಕೈಯಲ್ಲಿ ಹಿಡಿದು ಹೊರಟರೆ ಅಂಗಡಿಯ ಮಾಯೆಯೆಲ್ಲ ಕರಗುತ್ತದೆ. ಮಧ್ಯಮ ಗಾತ್ರದ ಟ್ರಕ್ಕೊಂದರ ಟೋ ರೇಟಿಂಗ್ 6,400. ನನ್ನ 5,300ಕ್ಕೆ ಧಾರಾಳವೆಂದು ತೋರಿದರೂ ಅದರ ಬಾಗಿಲ ಚೀಟಿ ಹೇಳಿದ್ದು 1,130 ಮಾತ್ರ. ಎಫ್-150, ಸಿಲ್ವರಾಡೊ, ರಾಮ್ 1500 ಮೊದಲಾದ ಹಾಫ್-ಟನ್ ವರ್ಗಕ್ಕೆ ಬಂದಾಗ ಇನ್ನೂ ವಿಚಿತ್ರವಾದುದನ್ನು ಕಂಡೆ. ಗಾಜಿನ ಮಾಳಿಗೆ, ಚರ್ಮದ ಆಸನ, ತಾನಾಗಿ ಇಳಿಯುವ ಮೆಟ್ಟಿಲು, ದೊಡ್ಡ ಚಕ್ರಗಳಿದ್ದ ಮೇಲ್ದರ್ಜೆಯ ಟ್ರಕ್ಕಿಗೆ 11,000 ಡಾಲರ್ ಅಧಿಕ. ಅದರ ಚೀಟಿಯಲ್ಲಿ 1,390. ಬಟ್ಟೆಯ ಆಸನದ ಕೆಳದರ್ಜೆಯ ಟ್ರಕ್ಕಿನ ಚೀಟಿಯಲ್ಲಿ 1,620. ಅಲಂಕಾರಕ್ಕೂ ತೂಕವುಂಟು, ಆ ತೂಕವನ್ನು ಕಳೆಯುವುದು ನಮ್ಮ ಪಾಲಿನಿಂದಲೇ. ಆದಕಾರಣ ಹೆಚ್ಚು ತೆತ್ತವನು ಕಡಿಮೆ ಹೊರುವ ವಾಹನವನ್ನು ಮನೆಗೆ ತರುತ್ತಾನೆ. ಆ ಕೆಳದರ್ಜೆಯದನ್ನೇ ಆರಿಸಿ, ಕಾರ್ಖಾನೆಯಲ್ಲೇ ಜೋಡಿಸಿದ ಟೋ ಪ್ಯಾಕೇಜನ್ನೂ, ಪಾಚಿ ಕಟ್ಟಿದ ರ‍್ಯಾಂಪಿನಿಂದ ದೋಣಿಯನ್ನು ಮೇಲೆಳೆಯುವಾಗ ಹಿಂದಿನ ಚಕ್ರಗಳು ಜಾರದಿರಲೆಂದು ಫೋರ್ ವೀಲ್ ಡ್ರೈವನ್ನೂ ಕೇಳಿ ಪಡೆದೆ. ಉಳಿದ ಸೊಗಸುಗಳನ್ನು ನಿರಾಕರಿಸಿದೆ. ಮುಕ್ಕಾಲು ಟನ್ನಿನ ಡೀಸೆಲ್ ಟ್ರಕ್ಕು ಈ ದೋಣಿಗೆ ಅನವಶ್ಯಕ.

ಟ್ರಕ್ಕಿನ ಬೆಲೆ 46,000 ಡಾಲರ್, ಮಿಷಿಗನ್ನಿನ ಶೇಕಡ 6ರ ತೆರಿಗೆ 2,760. 8,760 ಕೈಯಿಂದ ಕಟ್ಟಿ, ಉಳಿದ 40,000ಕ್ಕೆ ಶೇಕಡ 7ರಲ್ಲಿ 48 ತಿಂಗಳ ಸಾಲ ಕೇಳಿದಾಗ ಫೈನಾನ್ಸ್ ಕೊಠಡಿಯ ಯುವಕ ನನ್ನನ್ನು ಕನಿಕರದಿಂದ ನೋಡಿ, 84 ತಿಂಗಳಾದರೆ ಕಂತು 958ರಿಂದ 604ಕ್ಕೆ ಇಳಿಯುವುದೆಂದ. ಇಳಿಯುತ್ತದೆ, ನಿಜ; ಬಡ್ಡಿ 5,980ರ ಬದಲು 10,700 ಆಗುತ್ತದೆಂಬುದನ್ನು ಅವನು ಹೇಳಲಿಲ್ಲ. ಅದರ ಮೇಲೆ 3,000 ಡಾಲರಿನ ಎಕ್ಸ್‌ಟೆಂಡೆಡ್ ವಾರಂಟಿಯನ್ನೂ ಸಾಲದೊಳಗೇ ಸೇರಿಸೋಣವೆಂದ. ಏಳು ವರ್ಷದಲ್ಲಿ ಆ 3,000 ಎಂಬುದು 3,800 ಆಗುತ್ತದೆ. ಮುರಿಯದ ವಸ್ತುವಿನ ರಿಪೇರಿಗೆ ಬಡ್ಡಿ ತೆರುವ ಈ ವ್ಯವಸ್ಥೆಯನ್ನು ಬುದ್ಧಿವಂತರೆನಿಸಿಕೊಂಡವರೂ ಸಹಿ ಹಾಕಿ ಒಪ್ಪುವುದನ್ನು ಕಂಡಾಗ ನನಗೆ ಸಹನೆ ಉಳಿಯುವುದಿಲ್ಲ. ಏಳು ವರ್ಷದ ಸಾಲವಿಲ್ಲದೆ ಕೈಗೆಟುಕದ ಟ್ರಕ್ಕು ನಮ್ಮದಲ್ಲ, ಅಷ್ಟೇ ವಿಷಯ.

ನಮ್ಮವರಲ್ಲಿ ವಾಹನದ ಕಾರ್ಖಾನೆಗಳಲ್ಲೇ ಇಂಜಿನಿಯರುಗಳಾಗಿ ದುಡಿಯುವವರು ಅನೇಕರಿದ್ದಾರೆ. ಹಗಲೆಲ್ಲ ಗ್ರಾಮಿನ ಲೆಕ್ಕದಲ್ಲಿ ಬಿಡಿಭಾಗಗಳನ್ನು ತೂಗುವ ಈ ಮಹನೀಯರು ಸಂಜೆ ಸ್ವಂತಕ್ಕೆ ಕೊಳ್ಳುವಾಗ ‘ತಿಂಗಳಿಗೆ ಎಷ್ಟು ಬೀಳುತ್ತದೆ?’ ಎಂದು ಕೇಳಿ ಸುಮ್ಮನಾಗುವುದು ಆಶ್ಚರ್ಯದ ಸಂಗತಿ. ಒಟ್ಟು ಮೊತ್ತವನ್ನು ಬರೆದಿಟ್ಟುಕೊಳ್ಳುವ ಅಭ್ಯಾಸ ಬೇಕು. ಅಂದಾಜನ್ನು ನಂಬದೆ ತೂಗಿ ನೋಡುವ ಅಭ್ಯಾಸವೂ ಬೇಕು. ಹೆದ್ದಾರಿಯ ಟ್ರಕ್ ಸ್ಟಾಪುಗಳಲ್ಲಿ ಒಂದು ಊಟದ ಬೆಲೆಗೆ ಟ್ರಕ್ಕು, ಟ್ರೇಲರುಗಳನ್ನು ಒಮ್ಮೆಗೇ ತೂಗಿ, ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಎಂದು ಬೇರೆಬೇರೆಯಾಗಿ ಅಚ್ಚಾದ ಕಾಗದ ಕೊಡುತ್ತಾರೆ. ಮನೆಮಂದಿಯೆಲ್ಲ ಒಳಗೆ ಕುಳಿತಿರುವಾಗಲೇ ಆ ಕಾಗದವನ್ನು ಪಡೆಯಬೇಕು.

ಇನ್ನು, ಸೇಂಟ್ ಕ್ಲೇರ್ ಸರೋವರವೊಂದೇ ಸಾಕೆನ್ನುವವರಿಗೆ ಟ್ರಕ್ಕೇ ಬೇಡ. ಮರೀನಾದಲ್ಲಿ ಬೇಸಗೆಯ ಮಟ್ಟಿಗೆ ದೋಣಿ ಕಟ್ಟಲು ನನ್ನಿಂದ ಕೇಳಿದ ಬಾಡಿಗೆ ಸುಮಾರು 3,000 ಡಾಲರ್. ನಾಲ್ಕು ವರ್ಷ ತೆತ್ತರೂ 12,000 ದಾಟದು, ಇರುವ ಹಳೆಯ ಕಾರಿನಲ್ಲೇ ಹೋಗಿ ಬರಬಹುದು. ಒಂದು ವಾರ ಸ್ಯಾಗಿನಾ ಕೊಲ್ಲಿ, ಇನ್ನೊಂದು ವಾರ ಗ್ರಾಂಡ್ ಟ್ರಾವರ್ಸ್ ಎಂದು ಅಲೆಯುವ ಚಪಲವುಳ್ಳ ನಮ್ಮಂಥವರು ಮಾತ್ರ, ದೋಣಿಗೆ ಮುಂಗಡ ಕೊಡುವ ಮುನ್ನವೇ ಅದರ ಬೆಲೆಯ ಕೆಳಗೆ ಟ್ರಕ್ಕಿನ ಬೆಲೆಯನ್ನೂ ಬರೆದು ಕೂಡಿಸತಕ್ಕದ್ದು. ಆ ಮೊತ್ತವನ್ನು ಕಂಡು ಎದೆ ನಡುಗಿದರೆ, ಗಂಟೆಯ ಲೆಕ್ಕದಲ್ಲಿ ದೋಣಿಯನ್ನು ಬಾಡಿಗೆಗೆ ಕೊಡುವವರು ಪ್ರತಿಯೊಂದು ದೊಡ್ಡ ಸರೋವರದ ದಡದಲ್ಲಿಯೂ ಸಿಕ್ಕುತ್ತಾರೆ.